ಹಳೆಯ ತೊಟ್ಟಿ, ಹೊಸ ಕಡಲು

ಕಡಲಿನಿಂದ ದೂರವಿರುವವರಿಗೆ ಕಡಲಿನ ಮೇಲಿನ ಮೋಹ ಹೆಚ್ಚು. ಕೊಳ್ಳೇಗಾಲ, ಹನೂರು ಸೀಮೆಯ ನಾವು ಹೊಳೆಯನ್ನು ಬಲ್ಲೆವು. ಅಲೆಯನ್ನು ಚಿತ್ರದಲ್ಲಿ ಕಂಡವರೇ ನಮ್ಮಲ್ಲಿ ಹೆಚ್ಚು. ಮಲೆ ಮಹದೇಶ್ವರ ಬೆಟ್ಟವನ್ನಿಳಿದು ಪಾಲಾರಿನ ದಾರಿ ಹಿಡಿದರೆ ಸಿಗುವ ಗೋಪಿನಾಥಂ, ಪತ್ರಿಕೆಗಳ ಮೂಲಕ ಬೇರೊಂದು ಕಾರಣಕ್ಕೆ ನಾಡಿಗೆಲ್ಲ ಪರಿಚಿತವಾದ ಊರು. ಸಮೀಪದಲ್ಲಿಯೇ ಹೊಗೇನಕಲ್, ಅದರಾಚೆ 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರು ಅಣೆಕಟ್ಟೆಯ ಹಿನ್ನೀರು. ಅಲ್ಲಿನ ಮಕ್ಕಳಿಗೆ ಹೊಳೆಯ ಮೀನು ಚೆನ್ನಾಗಿ ಗೊತ್ತು. ಕಡಲಿನ ಮೀನು ಗೊತ್ತಿಲ್ಲ.

ಆ ಕಡೆಯ ಶಾಲೆಯೊಂದರಲ್ಲಿ ಅಧ್ಯಾಪಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಒಂದು ಪ್ರಶ್ನೆ ಕೇಳಿದ. ನಿವೃತ್ತಿಯ ಅನಂತರ ನಾನು ಮೀನುತೊಟ್ಟಿಯ ಗೀಳು ಹಚ್ಚಿಕೊಂಡಿರುವುದು ಅವನಿಗೆ ಗೊತ್ತು. "ಮೇಷ್ಟ್ರೇ, ಮೈಸೂರಿನಲ್ಲಿ ಒಬ್ಬರು ಉಪ್ಪುನೀರಿನ ತೊಟ್ಟಿಯನ್ನು ಕಲ್ಲು, ಮರಳು, ಹವಳ ಸಮೇತ ಅರ್ಧ ಬೆಲೆಗೆ ಕೊಡುತ್ತಾರಂತೆ. ಊರವರು ಮಕ್ಕಳಿಗಾಗಿ ಹಣ ಕೂಡಿಸಿದ್ದಾರೆ. ಅದನ್ನು ತರಲೇ, ಹೊಸದನ್ನೇ ಕೊಳ್ಳಲೇ?" ಬಡ ಊರೊಂದು ಕೂಡಿಸಿದ ಹಣವದು. ತಪ್ಪಿದರೆ ಹಣವೂ ಹೋಗುತ್ತದೆ. ಕಡಲನ್ನು ನೋಡಲು ಬಂದ ಮಕ್ಕಳು ಸತ್ತ ಮೀನನ್ನು ನೋಡಿ ಹೋಗುತ್ತಾರೆ. ಆದುದರಿಂದ ಈ ಪ್ರಶ್ನೆಯನ್ನು ತುಸು ವಿವರವಾಗಿ ಪರಿಶೀಲಿಸುವುದು ಉಚಿತ.

ಕಡಲನ್ನು ಒಳನಾಡಿಗೆ ತರುವ ಹಂಬಲ ಇಂದಿನದಲ್ಲ. 1846ರಲ್ಲಿ ಆ್ಯನಾ ಥೈನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿ ಎಂಬ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ಕೊಂಡೊಯ್ದಳು. ನೀರಿಗೆ ಗಾಳಿ ಬೆರೆಯಲೆಂದು ಮನೆಯ ಸೇವಕಿ ಪ್ರತಿದಿನವೂ ತೆರೆದ ಕಿಟಕಿಯ ಬಳಿ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅದನ್ನು ಸುರಿಯುತ್ತಿದ್ದಳು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ 'ಅಕ್ವೇರಿಯಂ' ಎಂಬ ಹೆಸರನ್ನು ಮನೆಮಾತಾಗಿಸಿತು. ಅಂದಿನ ತೊಟ್ಟಿಗಳಿಗೆ ಲೋಹದ ಚೌಕಟ್ಟು ಇರುತ್ತಿತ್ತು. ಉಪ್ಪುನೀರು ಅದನ್ನು ತಿಂದುಹಾಕುತ್ತಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿಲಿಕೋನ್ ಎಂಬ ಅಂಟು ಬಳಕೆಗೆ ಬಂದ ಮೇಲೆ ಗಾಜಿಗೆ ಗಾಜೇ ಆಸರೆಯಾಯಿತು.

ಹಳೆಯ ತೊಟ್ಟಿಯ ಆಯುಸ್ಸು ಅಡಗಿರುವುದೂ ಈ ಅಂಟಿನಲ್ಲಿಯೇ. ಗಾಜು ಮುದಿಯಾಗುವುದಿಲ್ಲ, ಅಂಟು ಆಗುತ್ತದೆ. ಹತ್ತು ಹದಿನೈದು ವರ್ಷ ಕಳೆದ ತೊಟ್ಟಿಯನ್ನು ಸಂದೇಹದಿಂದಲೇ ನೋಡಬೇಕು. ಮೂಲೆಗಳಲ್ಲಿ ಅಂಟು ಬೆಳ್ಳಗಾಗಿ ಅಂಚು ಎದ್ದಿದೆಯೇ, ಎರಡು ಗಾಜುಗಳ ನಡುವೆ ಪಾಚಿ ನುಸುಳಿದೆಯೇ, ಗಾಳಿಗುಳ್ಳೆಗಳಿವೆಯೇ ಎಂದು ಹಗಲು ಬೆಳಕಿನಲ್ಲಿ ಪರೀಕ್ಷಿಸಬೇಕು. ಸೋರುವಲ್ಲಿ ಒಂದಿಷ್ಟು ಹೊಸ ಅಂಟು ಬಳಿದರಾಯಿತೆಂಬುದು ಭ್ರಮೆ. ಒಣಗಿದ ಹಳೆಯ ಸಿಲಿಕೋನಿಗೆ ಹೊಸ ಸಿಲಿಕೋನ್ ಹಿಡಿಯುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು ತೆಗೆಯಲೇಬೇಕು. ಸ್ನಾನದ ಮನೆಗೆಂದು ಮಾರುವ, ಬೂಷ್ಟು ತಡೆಯುವ ಮದ್ದು ಬೆರೆಸಿದ ಸಿಲಿಕೋನ್ ಇಲ್ಲಿಗೆ ಸಲ್ಲದು. ಕೊಳ್ಳುವ ಮುನ್ನ ರಸಮಟ್ಟ ಇಟ್ಟು ನೋಡಿದ ಸಮನೆಲದ ಮೇಲೆ ತೊಟ್ಟಿಯನ್ನಿರಿಸಿ, ಸಿಹಿನೀರು ತುಂಬಿ, ಕೆಳಗೆ ಒಣಕಾಗದ ಹಾಸಿ ಎರಡು ದಿನ ಬಿಡಬೇಕು. ಒಪ್ಪದ ಮಾರಾಟಗಾರನನ್ನು ಬಿಟ್ಟು ಬರುವುದೇ ಲೇಸು.

ತೂಕದ ಲೆಕ್ಕವನ್ನೂ ಮರೆಯಬಾರದು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಗಾಜು, ನೀರು ಎರಡೂ ಸೇರಿ ಮುನ್ನೂರು ಕಿಲೋ ಮೀರುತ್ತದೆ. ಶಾಲೆಯ ಮರದ ಮೇಜು ಇದನ್ನು ಹೊರಲಾರದು. ಸಾಗಿಸುವಾಗ ಹನಿ ನೀರೂ ಉಳಿಯದಂತೆ ಬರಿದು ಮಾಡಿ, ಗಟ್ಟಿ ಹಲಗೆಯ ಮೇಲೆ ಮೆತ್ತೆ ಹಾಸಿ ಕೂರಿಸಬೇಕು. ಬೆಟ್ಟದ ತಿರುವುಗಳಲ್ಲಿ ಅರ್ಧ ತುಂಬಿದ ತೊಟ್ಟಿಯ ನೀರು ಅತ್ತಿತ್ತ ತುಳುಕಿ ಬೆಸುಗೆಯನ್ನು ಸಡಿಲಿಸಿಬಿಡುತ್ತದೆ.

ಹಳೆಯ ಪುಸ್ತಕವನ್ನು ಕೊಳ್ಳುವಾಗ ಹಿಂದಿನ ಓದುಗ ಅಂಚಿನಲ್ಲಿ ಬರೆದ ಟಿಪ್ಪಣಿ ನಮಗೆ ಲಾಭ. ಹಳೆಯ ತೊಟ್ಟಿಯ ವಿಷಯ ಹಾಗಲ್ಲ. ಹಿಂದಿನ ಒಡೆಯ ಬಿಟ್ಟುಹೋದದ್ದು ಕಣ್ಣಿಗೆ ಕಾಣದೆ ಕೊಲ್ಲಬಹುದು. ನಮ್ಮ ರೈತರು ಮೈಲುತುತ್ತವನ್ನು ಬಲ್ಲರು. ಅದರಲ್ಲಿರುವ ತಾಮ್ರವೇ ಮೀನಿನ ಚರ್ಮರೋಗಕ್ಕೂ ಮದ್ದು. ಲೀಟರಿಗೆ ಒಂದು ಮಿಲಿಗ್ರಾಮಿನ ಐದನೆಯ ಒಂದು ಭಾಗದಷ್ಟು ತಾಮ್ರ ಮೀನನ್ನು ಉಳಿಸೀತು. ಆದರೆ ಅಷ್ಟೇ ತಾಮ್ರ ಸಿಗಡಿ, ಶಂಖದ ಹುಳು, ಹವಳಗಳಿಗೆ ಮೃತ್ಯು. ಸುಣ್ಣದ ಅಂಶವುಳ್ಳ ಕಲ್ಲು, ಮರಳು ಈ ತಾಮ್ರವನ್ನು ಹೀರಿಟ್ಟುಕೊಂಡು ತಿಂಗಳುಗಳ ಬಳಿಕವೂ ನೀರಿಗೆ ಬಿಡುತ್ತವೆ. ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, "ಇದರಲ್ಲಿ ಏನು ಸಾಕಿದ್ದಿರಿ, ಯಾವ ಮದ್ದು ಹಾಕಿದ್ದಿರಿ?" ಎಂಬುದು.

ಹವಳದ ಮಾತು ಬಂದಾಗ ಕಾನೂನನ್ನೂ ನೆನೆಯಬೇಕು. ಹವಳದ ದಿಬ್ಬ ಕಟ್ಟುವ ಹವಳಗಳು, ಕಡಲಕುದುರೆಗಳು ಮುಂತಾದುವನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಇವಕ್ಕೂ ಉಂಟು. ಕಾಡಿನ ಅಂಚಿನಲ್ಲಿ ಬಾಳುವ ಗೋಪಿನಾಥಂನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹವಳ ಸಮೇತ ಮಾರುವ ತೊಟ್ಟಿ ಎಷ್ಟೇ ಅಗ್ಗವಾದರೂ ಶಾಲೆಯ ಹೊಸ್ತಿಲನ್ನು ದಾಟಬಾರದು. ತೊಟ್ಟಿಯಲ್ಲಿಯೇ ಮರಿಯಾಗಿ ಬೆಳೆದ ಮೀನನ್ನು ಕೊಳ್ಳುವುದು ಸರಿಯಾದ ದಾರಿ. ಕ್ಲೌನ್ ಮೀನನ್ನು ಹೀಗೆ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ.

ಇನ್ನು ನೀರು. ಅಡುಗೆಯ ಉಪ್ಪನ್ನು ಕಲಸಿದರೆ ಕಡಲಾಗುವುದಿಲ್ಲ. ಕಡಲಿನ ಲವಣದಲ್ಲಿ ಸೋಡಿಯಂ, ಕ್ಲೋರಿನ್‌ಗಳ ಜೊತೆಗೆ ಮೆಗ್ನೀಸಿಯಂ, ಸುಣ್ಣ, ಪೊಟ್ಯಾಸಿಯಂ, ಗಂಧಕದ ಲವಣಗಳೂ ಉಂಟು. ಇದಕ್ಕೆಂದೇ ತಯಾರಿಸಿದ ಉಪ್ಪನ್ನು ಲೀಟರಿಗೆ 35 ಗ್ರಾಮಿನಂತೆ ಬೆರೆಸಬೇಕು. ಮೇಲೆ ಹೇಳಿದ ತೊಟ್ಟಿಗೆ ಸುಮಾರು ಒಂಬತ್ತು ಕಿಲೋ ಬೇಕಾಗುತ್ತದೆ. ಗಡಸಾದ ಕೊಳವೆಬಾವಿಯ ನೀರಿಗಿಂತ ಶುದ್ಧ ಕುಡಿಯುವ ನೀರಿನ ಘಟಕದ ನೀರು ಮೇಲು. ನೀರು ಸಿದ್ಧವಾದೊಡನೆ ಮೀನು ಬಿಡುವಂತಿಲ್ಲ. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯವನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಒಣಗಿದ ಹಳೆಯ ತೊಟ್ಟಿಯಲ್ಲಿ ಅವು ಉಳಿದಿರುವುದಿಲ್ಲ. ಕರೆಂಟು ಹೋದಾಗ ಗಾಳಿ ಊದಲು ಬ್ಯಾಟರಿಯ ಪಂಪೊಂದು ಕಾಡಂಚಿನ ಊರಿಗೆ ಅನಿವಾರ್ಯ.

ನಾನು ಆ ಅಧ್ಯಾಪಕನಿಗೆ ಹೇಳಿದ್ದು ಇಷ್ಟೆ: ಅಂಟು ಗಟ್ಟಿಯಾಗಿದ್ದರೆ, ತಾಮ್ರದ ಮದ್ದು ಬಿದ್ದಿಲ್ಲವೆಂಬುದು ಖಚಿತವಾದರೆ ಬರಿಯ ಗಾಜನ್ನು ಮಾತ್ರ ತಾ, ಕಲ್ಲು, ಮರಳು, ಹವಳ ಬೇಡ. ಉತ್ತರದಲ್ಲಿ ಅನುಮಾನ ಬಂದರೆ ಚಿಕ್ಕದಾದರೂ ಹೊಸದನ್ನೇ ಕೊಳ್ಳು. ಆದರೆ ತೀರ ಚಿಕ್ಕದು ಬೇಡ. ನೀರು ಕಡಿಮೆಯಾದಷ್ಟೂ ನಮ್ಮ ಬೇಸಿಗೆಯಲ್ಲಿ ಅದು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ.

ಒಟ್ಟು ಖರ್ಚಿನಲ್ಲಿ ಗಾಜಿನ ಪಾಲು ಸಣ್ಣದು. ಉಪ್ಪು, ಪಂಪು, ಪರೀಕ್ಷೆಯ ಸಾಮಗ್ರಿ, ವಾರವಾರವೂ ಬದಲಿಸುವ ನೀರು, ಇವುಗಳ ವೆಚ್ಚ ವರ್ಷಗಟ್ಟಲೆ ಮುಂದುವರಿಯುತ್ತದೆ. ಹಳೆಯ ತೊಟ್ಟಿಯಿಂದ ಉಳಿದ ಹಣವನ್ನು ಅದಕ್ಕೆಂದು ತೆಗೆದಿಡುವವನಿಗೆ ಹಳೆಯದೂ ಒಳ್ಳೆಯದೇ. ಹಾಗೆ ತೆಗೆದಿಡಲಾಗದವನು ಇನ್ನೊಂದು ವರ್ಷ ಕಾಯುವುದು ವಾಸಿ. ಕಡಲು ಕಾಯುತ್ತದೆ, ತೊಟ್ಟಿಗೆ ಬಂದ ಮೀನು ಕಾಯಲಾರದು.