ಕಾಳು ಕಾಯುವ ಬೆಕ್ಕಿನ ಕಾಯಿಲೆಗಳು

ಘಟಪ್ರಭೆಯ ನೀರುಂಡು ಕಬ್ಬು ಮತ್ತು ಗೋವಿನಜೋಳ ಬೆಳೆಯುವ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಬೆಕ್ಕನ್ನು ಮುಖ್ಯವಾಗಿ ಸಾಕುವುದು ಕಾಳಿನ ಚೀಲಗಳನ್ನು ಇಲಿಗಳಿಂದ ಉಳಿಸಿಕೊಳ್ಳುವುದಕ್ಕಾಗಿ. ದನ-ಎಮ್ಮೆಗಳಿಗೆ ಕಾಲುಬಾಯಿ ರೋಗದ ಲಸಿಕೆಯು 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಕೊಟ್ಟಿಗೆಯ ಬಾಗಿಲಿಗೇ ಬರುತ್ತದೆ. ಅದೇ ಮನೆಯ ಬೆಕ್ಕಿನ ಲಸಿಕೆಗೆ ಮಾತ್ರ ಸಾಕಿದವರೇ ಮುಂದಾಗಬೇಕು. ಬೆಕ್ಕು ತನ್ನ ನೋವನ್ನು ಅಡಗಿಸಿಕೊಳ್ಳುವ ಪ್ರಾಣಿಯಾದ್ದರಿಂದ ಅದರ ಕಾಯಿಲೆ ಕೂಗಿನಲ್ಲಿ ತಿಳಿಯುವುದಿಲ್ಲ. ಉಣ್ಣುವುದನ್ನು, ಮೈ ನೆಕ್ಕಿಕೊಳ್ಳುವುದನ್ನು, ಎತ್ತರಕ್ಕೆ ಜಿಗಿಯುವುದನ್ನು ಅದು ಬಿಟ್ಟಾಗ, ಆ ಬಿಟ್ಟದ್ದರಲ್ಲಿಯೇ ಕಾಯಿಲೆಯನ್ನು ಓದಬೇಕಾಗುತ್ತದೆ.

ಮರಿಗಳನ್ನು ಅತಿ ಹೆಚ್ಚು ಕಾಡುವ ರೋಗಗಳಲ್ಲಿ ಫೆಲೈನ್ ಪ್ಯಾನ್‌ಲ್ಯುಕೋಪೇನಿಯ ಮುಖ್ಯವಾದುದು. ರಕ್ತದ ಬಿಳಿಕಣಗಳು ಎಲ್ಲ ಬಗೆಯಲ್ಲೂ ಕುಸಿಯುವ ಸ್ಥಿತಿಯೆಂಬುದು ಈ ಹೆಸರಿನ ಅರ್ಥ. ಇದಕ್ಕೆ ಕಾರಣವಾದ ಪಾರ್ವೊ ವೈರಾಣು ಬೇಗ ಬೇಗ ವಿಭಜನೆಗೊಳ್ಳುವ ಕರುಳಿನ ಮತ್ತು ಮೂಳೆಮಜ್ಜೆಯ ಕೋಶಗಳನ್ನು ನಾಶಮಾಡುವುದರಿಂದ ಜ್ವರ, ಎಡೆಬಿಡದ ವಾಂತಿ, ಭೇದಿ ಉಂಟಾಗಿ ನೀರಿನ ಅಂಶ ಬತ್ತಿದ ಮರಿ ಕೆಲವೇ ದಿನಗಳಲ್ಲಿ ಸಾಯಬಹುದು. 2025ರ ಆರಂಭದ ತಿಂಗಳುಗಳಲ್ಲಿ ರಾಯಚೂರು ಜಿಲ್ಲೆಯಲ್ಲಿ ಈ ರೋಗ ಹರಡಿ ಬೆಕ್ಕುಗಳು ಸತ್ತ ಸುದ್ದಿ ಬಂದಾಗ ಉತ್ತರ ಕರ್ನಾಟಕದ ಅನೇಕರು ಇದರ ಹೆಸರನ್ನು ಮೊದಲ ಬಾರಿಗೆ ಕೇಳಿದರು. ಈ ವೈರಾಣು ಮನುಷ್ಯರಿಗೆ ಅಂಟುವುದಿಲ್ಲವಾದರೂ ನೆಲದಲ್ಲಿ, ಹಾಸಿಗೆಯಲ್ಲಿ, ತಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿದು ಚಪ್ಪಲಿ ಮತ್ತು ಬಟ್ಟೆಗಳ ಮೂಲಕ ಸಾಗಬಲ್ಲದು. ಸಾಮಾನ್ಯ ಸಾಬೂನಿಗೆ ಜಗ್ಗದ ಇದನ್ನು ನೀರು ಬೆರೆಸಿದ ಬ್ಲೀಚಿಂಗ್ ದ್ರಾವಣ ನಾಶಪಡಿಸುತ್ತದೆ. ಇದರೊಂದಿಗೆ ಸೀನು, ಕಣ್ಣಿನ ಪಿಸುರು, ಬಾಯಿಹುಣ್ಣು ತರುವ ಹರ್ಪಿಸ್ ಮತ್ತು ಕ್ಯಾಲಿಸಿ ವೈರಾಣುಗಳನ್ನೂ ಒಂದೇ ಸಂಯುಕ್ತ ಲಸಿಕೆ ಎದುರಿಸುತ್ತದೆ. 6ರಿಂದ 8 ವಾರದ ವಯಸ್ಸಿನಲ್ಲಿ ಅದನ್ನು ಆರಂಭಿಸಿ, ತಾಯಿಯ ಹಾಲಿನಿಂದ ಬಂದ ರಕ್ಷಣೆ ಲಸಿಕೆಯನ್ನು ನಿಷ್ಫಲಗೊಳಿಸದಿರಲೆಂದು 3-4 ವಾರಗಳಿಗೊಮ್ಮೆ ಸುಮಾರು 16 ವಾರ ತುಂಬುವವರೆಗೆ ಮುಂದುವರಿಸುವುದು ವಾಡಿಕೆ.

ನಾಯಿಯಿಂದಲೇ ಬರುವುದೆಂದು ಜನ ತಿಳಿದಿರುವ ರೇಬಿಸ್ ಬೆಕ್ಕಿಗೂ ತಗಲುತ್ತದೆ, ಮತ್ತು ಅದರ ಕಚ್ಚುವಿಕೆಯಿಂದ ಮನುಷ್ಯರಿಗೂ ದಾಟುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲದ ಕಾರಣ 3 ತಿಂಗಳು ತುಂಬಿದ ಬೆಕ್ಕಿಗೆ ರೇಬಿಸ್ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದ ಅವಧಿಗೆ ಅದನ್ನು ಮತ್ತೆ ಕೊಡಿಸುವುದು ಮನೆಯ ಮಕ್ಕಳ ರಕ್ಷಣೆಯೂ ಆಗುತ್ತದೆ. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅರಿಸಿನ ಅಥವಾ ಸುಣ್ಣ ಮೆತ್ತದೆ, ಅದೇ ದಿನ ವೈದ್ಯರನ್ನು ಕಾಣಬೇಕು.

ಕಣ್ಣಿಗೆ ಬೀಳದೆ ಬೆಳೆಯುವ ಕಾಯಿಲೆಗಳ ಮೂಲ ಹಲವು ಸಲ ಊಟದ ತಟ್ಟೆಯಲ್ಲಿರುತ್ತದೆ. ಬೆಕ್ಕು ಮಾಂಸವನ್ನೇ ಅವಲಂಬಿಸಿದ ಪ್ರಾಣಿಯಾಗಿದ್ದು, ಟಾರಿನ್ ಎಂಬ ಪೋಷಕಾಂಶವನ್ನು ತನ್ನ ದೇಹದಲ್ಲಿ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನು, ಇಲಿಗಳಲ್ಲಿ ದೊರೆಯುವ ಇದು ಜೋಳದ ರೊಟ್ಟಿಯಲ್ಲಿ ಇಲ್ಲವೇ ಇಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುತ್ತದೆಂದು ಅಮೆರಿಕದ ಸಂಶೋಧಕರು 1987ರಲ್ಲಿ ತೋರಿಸಿದರು, ಮತ್ತು ಕಣ್ಣಿನ ಒಳಪದರ ಹಾಳಾಗಿ ಕುರುಡು ಬರುವುದೂ ಈ ಕೊರತೆಯಿಂದಲೇ. ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕಡಿಮೆಯಾಗುವುದರಿಂದ ಹಾಲು ಅನೇಕ ಬೆಕ್ಕುಗಳಿಗೆ ಭೇದಿ ತರುತ್ತದೆ. ಬರೀ ಹಾಲು-ರೊಟ್ಟಿ ಉಣಿಸಿ, ಉಳಿದದ್ದನ್ನು ಇಲಿ ಹಿಡಿದು ತಿಂದುಕೊಳ್ಳಲಿ ಎನ್ನುವುದು ಬೆಕ್ಕಿನ ಆರೋಗ್ಯವನ್ನು ಅದರ ಬೇಟೆಯ ಅದೃಷ್ಟಕ್ಕೆ ಬಿಟ್ಟಂತೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಮಾಂಸ, ಮೊಟ್ಟೆ ಅಥವಾ ಬೆಕ್ಕಿಗೆಂದೇ ತಯಾರಾದ ಆಹಾರ ಮತ್ತು ಸದಾ ಶುದ್ಧ ನೀರು ಅದಕ್ಕೆ ಬೇಕು.

ಗಂಡುಬೆಕ್ಕಿನ ಮೂತ್ರನಾಳ ಬಹು ಕಿರಿದಾಗಿರುವುದರಿಂದ ಸಣ್ಣ ಹರಳು ಅಥವಾ ಲೋಳೆಯ ಉಂಡೆಯೂ ಅದನ್ನು ಮುಚ್ಚಿಬಿಡಬಲ್ಲದು. ಬೆಕ್ಕು ಮತ್ತೆ ಮತ್ತೆ ಕುಳಿತು ಮುಕ್ಕಿ, ಹನಿ ಮೂತ್ರವೂ ಬಾರದೆ, ಜನನಾಂಗವನ್ನು ನೆಕ್ಕಿಕೊಳ್ಳುವುದನ್ನು ಮಲಬದ್ಧತೆಯೆಂದು ತಿಳಿದು ಕಾಯುತ್ತ ಕೂತರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎರಡು ಮೂರು ದಿನಗಳಲ್ಲಿ ಹೃದಯ ನಿಲ್ಲಬಹುದಾದ್ದರಿಂದ, ಅದೇ ಹೊತ್ತಿನಲ್ಲಿ ಪಶುವೈದ್ಯರಲ್ಲಿಗೆ ಒಯ್ಯುವುದೊಂದೇ ದಾರಿ. ಊಟ ಬಿಟ್ಟ ಬೆಕ್ಕಿನ ವಿಷಯದಲ್ಲಿಯೂ ಕಾಯುವುದು ಅಪಾಯಕರ, ಏಕೆಂದರೆ ಕೆಲವು ದಿನಗಳ ಉಪವಾಸದಿಂದ, ವಿಶೇಷವಾಗಿ ದಪ್ಪ ಬೆಕ್ಕಿನಲ್ಲಿ, ಮೈಕೊಬ್ಬು ಯಕೃತ್ತಿಗೆ ನುಗ್ಗಿ ಅದನ್ನು ಕೆಲಸಗೆಡಿಸುತ್ತದೆ.

ರೈತರ ಮನೆಯಲ್ಲಿ ಬೆಕ್ಕಿಗೆ ಇನ್ನೊಂದು ಆಪತ್ತು ವಿಷ. ಇಲಿಪಾಷಾಣವಾಗಿ ಬಳಸುವ ಬ್ರೋಮಾಡಿಯೋಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ತಿಂದು ಸತ್ತ ಇಲಿಯನ್ನು ತಿಂದ ಬೆಕ್ಕೂ ಕೆಲವು ದಿನಗಳ ನಂತರ ಒಳಗೇ ರಕ್ತ ಸೋರಿ ಬಿಳಚಿಕೊಳ್ಳಬಹುದು. ವೈದ್ಯರು ಬೇಗ ಕೊಡುವ ವಿಟಮಿನ್ ಕೆ ಇದಕ್ಕೆ ಪ್ರತ್ಯೌಷಧ. ಬೆಕ್ಕನ್ನು ಸಾಕಿ, ಅದೇ ಕೋಣೆಯಲ್ಲಿ ಇಲಿಪಾಷಾಣವನ್ನೂ ಇಡುವುದು ಕಾವಲುಗಾರನ ಅನ್ನಕ್ಕೆ ವಿಷ ಬೆರೆಸಿದಂತೆ. ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವಾದ್ದರಿಂದ ಒಂದೇ ಮಾತ್ರೆ ರಕ್ತದ ಆಮ್ಲಜನಕ ಹೊರುವ ಗುಣವನ್ನು ಕೆಡಿಸಿ ಜೀವ ತೆಗೆಯಬಹುದು. ನಾಯಿಯ ಚಿಗಟಕ್ಕೆ ಹಾಕುವ ಪರ್ಮೆತ್ರಿನ್ ಔಷಧವೂ ಬೆಕ್ಕಿಗೆ ನಡುಕ, ಸೆಳವು ತರುತ್ತದೆ.

ಕೂದಲು ಉದುರಿ ದುಂಡಗಿನ ಕಲೆ ಬೀಳುವ ಗಜಕರ್ಣ ಮನೆಯವರ ಚರ್ಮಕ್ಕೂ ಹರಡುತ್ತದೆ, ಕಿವಿಯಲ್ಲಿ ಕಾಫಿಪುಡಿಯಂಥ ಕಪ್ಪು ಕಸ ತುಂಬಿದರೆ ಅದು ಕಿವಿಹುಳದ ಸೂಚನೆ, ಗುದದ ಬಳಿ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಚಿಗಟದ ಮೂಲಕ ಬಂದ ಲಾಡಿಹುಳು. ಇವಕ್ಕೆ ಸರಳ ಚಿಕಿತ್ಸೆಗಳಿವೆ. ಬೆಕ್ಕಿನ ಮಲದಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿಯ ಬೀಜಕಗಳು ಸೋಂಕು ತರುವ ಹಂತಕ್ಕೆ ಬಲಿಯಲು ಒಂದರಿಂದ ಐದು ದಿನ ಬೇಕಾಗುವುದರಿಂದ, ಮಲವನ್ನು ಪ್ರತಿದಿನ ತೆಗೆದರೆ, ಆ ಕೆಲಸವನ್ನು ಗರ್ಭಿಣಿಯ ಬದಲು ಬೇರೆಯವರು ಮಾಡಿದರೆ, ಭಯಪಟ್ಟು ಬೆಕ್ಕನ್ನು ಹೊರದಬ್ಬುವ ಅಗತ್ಯವಿರುವುದಿಲ್ಲ.

ಮೂರೂ ತಾಲ್ಲೂಕುಗಳ ಜನ ಎತ್ತು ಮೇವು ಬಿಟ್ಟ ದಿನವೇ ದನದ ದವಾಖಾನೆಯ ದಾರಿ ಹಿಡಿಯುತ್ತಾರೆ. ಗಾಳಿಯಾಡುವ ಬುಟ್ಟಿಯಲ್ಲಿಟ್ಟು ಬೆಕ್ಕನ್ನೂ ಅದೇ ಬಾಗಿಲಿಗೆ ಒಯ್ದು ಲಸಿಕೆ, ಜಂತುಹುಳದ ಔಷಧ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿಕೊಂಡರೆ, ವರ್ಷವಿಡೀ ಮನೆಯ ಕಾಳನ್ನು ಕಾಯ್ದ ಪ್ರಾಣಿಯ ಋಣ ಸ್ವಲ್ಪವಾದರೂ ತೀರುತ್ತದೆ.