ಒಂದು ರೂಪಾಯಿಯ ಬಸ್ಸು

ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ದೇವದುರ್ಗಕ್ಕೆ ಇಂದಿಗೂ ಬಂದಿಲ್ಲ. ಅಲ್ಲಿಂದ ಜಿಲ್ಲಾ ಕೇಂದ್ರದ ಆಸ್ಪತ್ರೆಗೋ ಕಾಲೇಜಿಗೋ ಹೊರಡುವ ಬಹುತೇಕರಿಗೆ ಸಾರಿಗೆ ನಿಗಮದ ಬಸ್ಸೇ ಆಧಾರ. ಆದಕಾರಣ ನಿಗಮದ ಆಸ್ತಿ ಲೆಕ್ಕವೆಂಬ ಶುಷ್ಕ ವಿಷಯವನ್ನು ಕೇವಲ ಲೆಕ್ಕಿಗರಿಗೆ ಬಿಟ್ಟು ಸುಮ್ಮನಿರುವಂತಿಲ್ಲ.

ಆಡುಮಾತಿನಲ್ಲಿ ಸ್ಥಿರಾಸ್ತಿಯೆಂದರೆ ಹೊಲ, ಮನೆ. ಲೆಕ್ಕಶಾಸ್ತ್ರದಲ್ಲಾದರೋ ದಿನವಿಡೀ ಓಡುವ ಬಸ್ಸೂ ಸ್ಥಿರಾಸ್ತಿಯೇ! ಈ ಭಾಗದಲ್ಲಿ ಅದರ ಒಡೆತನ ಹಲವು ಸಲ ಕೈ ಬದಲಿಸಿದೆ. 1932ರಲ್ಲಿ ನಿಜಾಮರ ರೈಲ್ವೆಯ ಅಂಗವಾಗಿ ಹೈದರಾಬಾದ್ ಸಂಸ್ಥಾನದಲ್ಲಿ 27 ಬಸ್ಸುಗಳೊಡನೆ ಸರ್ಕಾರಿ ಸಾರಿಗೆ ಆರಂಭವಾಯಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ನಿಗಮ ಹುಟ್ಟಿತು. 2000ದಲ್ಲಿ ಅದರಿಂದ ಒಡೆದು ಈಶಾನ್ಯ ನಿಗಮವಾಯಿತು. 2021ರಲ್ಲಿ ಅದಕ್ಕೆ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂತು. ಇಂಥ ಪ್ರತಿ ಹಂಚಿಕೆಯಲ್ಲೂ ಕಡತಗಳು ಚದುರುವುದು ಸಹಜ. ಆಸ್ತಿ ವಹಿಯನ್ನು ಡಿಪೋದ ಅಂಗಳದೊಡನೆ ತಾಳೆ ನೋಡುವ ಕೆಲಸ ಎಷ್ಟು ಬೇಸರದ್ದೆಂಬುದು ನನ್ನಂಥ ನಿವೃತ್ತ ನೌಕರನಿಗೆ ಗೊತ್ತು.

ನಿಜವಾದ ತೊಡಕಿರುವುದು ಸವಕಳಿಯಲ್ಲಿ. ಹೆದ್ದಾರಿಯಲ್ಲಿ ಓಡುವ ಬಸ್ಸಿಗೂ ಮಾನ್ವಿಯ ಎರೆಮಣ್ಣಿನ ಒಳರಸ್ತೆಗಳಲ್ಲಿ ಕುಲುಕಾಡುವ ಬಸ್ಸಿಗೂ ವರ್ಷಕ್ಕೆ ಒಂದೇ ದರದಲ್ಲಿ ಸವಕಳಿ ಕಳೆದರೆ ಪುಸ್ತಕದ ಆಯುಷ್ಯವೇ ಬೇರೆ, ವಾಹನದ ಆಯುಷ್ಯವೇ ಬೇರೆ ಆಗುತ್ತದೆ. ಬಳಕೆಯನ್ನು ಆಧರಿಸಿ ಸವಕಳಿ ಕಟ್ಟಲು ಲೆಕ್ಕಪತ್ರ ಮಾನದಂಡಗಳಲ್ಲಿ ಅವಕಾಶವಿದೆ. ಬಸ್ಸುಗಳ ಮಟ್ಟಿಗೆ ಬಳಕೆಯೆಂದರೆ ಓಡಿದ ಕಿಲೋಮೀಟರುಗಳೇ ತಾನೇ?

ಅನುದಾನದ ಬಸ್ಸಿನ ಕತೆ ಇನ್ನೂ ವಿಚಿತ್ರ. ಪೂರ್ಣ ಬೆಲೆಯನ್ನು ಸರ್ಕಾರವೋ ಪ್ರದೇಶಾಭಿವೃದ್ಧಿ ಮಂಡಳಿಯೋ ಕೊಟ್ಟಿದ್ದರೆ, ಅನುದಾನವನ್ನು ಆಸ್ತಿಯ ಮೌಲ್ಯದಿಂದ ಕಳೆದು ಬಸ್ಸನ್ನು ನಾಮಮಾತ್ರದ ಬೆಲೆಗೆ, ಹೇಳೋಣ ಒಂದು ರೂಪಾಯಿಗೆ, ತೋರಿಸಬಹುದು. ಆಗ ಸವಕಳಿಯೂ ಇಲ್ಲ, ಖರ್ಚೂ ಇಲ್ಲ. ಲಾಭನಷ್ಟ ತಖ್ತೆ ಅಂದವಾಗಿ ಕಾಣುತ್ತದೆ. ಆದರೆ ಬಸ್ಸು ಗುಜರಿ ಸೇರುವ ದಿನ ಹೊಸದಕ್ಕೆ ಹಣವೆಲ್ಲಿ? ಅನುದಾನವನ್ನು ಮುಂಗಡ ಆದಾಯವೆಂದು ತೋರಿಸಿ ವರ್ಷವರ್ಷವೂ ಜಮೆ ಮಾಡುವ ಇನ್ನೊಂದು ವಿಧಾನದಲ್ಲೂ ಸವಕಳಿ ಕಣ್ಣಿಗೆ ಬೀಳುತ್ತದೆಯೇ ಹೊರತು ನಗದು ಕೂಡಿಬರುವುದಿಲ್ಲ. ಸವಕಳಿಗೂ ಮೀಸಲು ನಿಧಿಗೂ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಅವಕಾಶ ಕಲ್ಪಿಸಿದೆ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದ ಬಳಿಕವಂತೂ, ಮಹಿಳೆಯರ ಶೂನ್ಯ ಟಿಕೆಟ್ಟಿನ ಬಾಬ್ತು ಸರ್ಕಾರ ತುಂಬಿಕೊಡುವ ಹಣದಲ್ಲಿ ಎಷ್ಟು ಪಾಲು ಬಸ್ಸಿನ ಸವೆತಕ್ಕೆ ಸಲ್ಲುತ್ತದೆಂಬುದನ್ನು ಪ್ರತ್ಯೇಕವಾಗಿ ತೋರಿಸುವುದು ಅಗತ್ಯ.

ಅಮೂರ್ತ ಆಸ್ತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಟಿಕೆಟ್ ಯಂತ್ರಕ್ಕೆ ಕೊಂಡ ತಂತ್ರಾಂಶ ಪುಸ್ತಕಕ್ಕೇರುತ್ತದೆ. ತಾನೇ ಗಳಿಸಿಕೊಂಡ ಸದ್ಭಾವನೆಯನ್ನು ಮಾನದಂಡಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೆಳಗಿನ ಬಸ್ಸು ಬಂದೇ ಬರುತ್ತದೆಂದು ಹೊತ್ತಿಗೆ ಮುಂಚೆ ಬುತ್ತಿ ಕಟ್ಟಿಕೊಂಡು ನಿಲ್ದಾಣಕ್ಕೆ ಬರುವವರ ನಂಬಿಕೆಗೆ ಯಾವ ಖಾತೆಯೂ ಇಲ್ಲ. ಆ ಬಸ್ಸು ನಾಲ್ಕು ದಿನ ತಪ್ಪಿದರೆ ಐದನೆಯ ದಿನ ಅವರು ಹತ್ತುವುದು ಖಾಸಗಿ ಜೀಪನ್ನು.