ನಿಂತ ಕಾರು ಏಕೆ ಕೆಡುತ್ತದೆ?

ಬಳಸಿದ ವಸ್ತು ಸವೆಯುತ್ತದೆ, ಬಳಸದೆ ಇಟ್ಟ ವಸ್ತು ಇದ್ದಂತೆಯೇ ಉಳಿಯುತ್ತದೆ ಎಂಬುದು ಸಾಮಾನ್ಯವಾದ ನಂಬಿಕೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ರೇಷ್ಮೆ ಸೀರೆಯ ವಿಷಯದಲ್ಲಿ ಇದು ಸ್ವಲ್ಪಮಟ್ಟಿಗೆ ನಿಜವಿರಬಹುದು. ಮೋಟಾರು ಕಾರಿನ ವಿಷಯದಲ್ಲಿ ಮಾತ್ರ ಇದು ತಲೆಕೆಳಗು. ದಿನವೂ ಓಡಿದ ಕಾರಿಗಿಂತ ಏಳೆಂಟು ವರ್ಷ ಕೊಟ್ಟಿಗೆಯಲ್ಲಿ ನಿಂತ ಕಾರೇ ಹೆಚ್ಚು ಕೆಟ್ಟಿರುವುದೆಂದು ಅನುಭವವುಳ್ಳ ಯಾವ ಮೆಕ್ಯಾನಿಕ್ಕನಾದರೂ ಹೇಳುವನು. ಚಲನೆಯಿಲ್ಲದ ಕಡೆ ಘರ್ಷಣೆಯಿಲ್ಲ. ಘರ್ಷಣೆಯಿಲ್ಲದ ಮೇಲೆ ಸವೆತವೆಲ್ಲಿಯದು? ಹಾಗಿದ್ದರೂ ಕಾರು ಕೆಡುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ನಾವು ಪುಸ್ತಕದಿಂದ ಮಾತ್ರವಲ್ಲದೆ, ನಮ್ಮ ಮನೆಯ ಹಳೆಯ ಕಾರೊಂದನ್ನು ಬಿಚ್ಚಿ ಜೋಡಿಸುವುದರಿಂದಲೂ ಕಲಿಯಬೇಕಾಯಿತು.

ಆ ಕಾರು ೧೯೮೦ರ ದಶಕದ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ ೧೧೦೦ರ ಮಾದರಿಯಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರನ್ನು ವಾಚಕರಲ್ಲಿ ಅನೇಕರು ಚಲನಚಿತ್ರಗಳಲ್ಲಿಯಾದರೂ ಕಂಡಿರಬಹುದು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಾಗಿ ಓಡುತ್ತಿದ್ದ ಪದ್ಮಿನಿಗಳು ಬೀದಿಯಿಂದ ಮರೆಯಾದದ್ದು ೨೦೨೩ರಲ್ಲಿ. ಇದರ ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು. ಒಂದೊಂದರ ವ್ಯಾಸ ೬೮ ಮಿಲಿಮೀಟರ್, ಪಿಸ್ಟನ್ನಿನ ಓಟ ೭೫ ಮಿಲಿಮೀಟರ್. ಒಟ್ಟು ಗಾತ್ರ ೧೦೮೯ ಘನ ಸೆಂಟಿಮೀಟರ್ ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಈ ಕಾರು ಏಳು ಮಳೆಗಾಲಗಳನ್ನು ನಿಂತೇ ಕಳೆದಿತ್ತು.

ಮೊದಲು ತುಕ್ಕಿನ ವಿಷಯ. ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುವುದೆಂದು ನಾವೆಲ್ಲರೂ ಪ್ರೌಢಶಾಲೆಯಲ್ಲಿ ಓದಿದ್ದೇವೆ. ಆದರೆ ಆಮ್ಲಜನಕ ಕಡಮೆಯಿರುವ ಎಡೆಯಲ್ಲಿಯೇ ಕಬ್ಬಿಣ ಹೆಚ್ಚಾಗಿ ಕರಗುವುದೆಂಬ ಸಂಗತಿ ಅಷ್ಟಾಗಿ ಎಲ್ಲರಿಗೂ ತಿಳಿದಿಲ್ಲ. ಇದನ್ನು ತೋರಿಸುವ ಸುಲಭವಾದ ಪ್ರಯೋಗವೊಂದಿದೆ. ೧೦೦ ಮಿಲಿಲೀಟರ್ ನೀರಿನಲ್ಲಿ ೩ ಗ್ರಾಂ ಅಡಿಗೆ ಉಪ್ಪನ್ನು ಕರಗಿಸಿ, ಅದಕ್ಕೆ ಚಿಟಿಕೆಯಷ್ಟು ಪೊಟ್ಯಾಸಿಯಂ ಫೆರಿಸಯನೈಡನ್ನೂ ಕೆಲವು ತೊಟ್ಟು ಫೀನಾಲ್ಫ್ತಲೀನನ್ನೂ ಸೇರಿಸಿರಿ. ಉಪ್ಪುಕಾಗದದಿಂದ ಉಜ್ಜಿ ಹೊಳಪಿಸಿದ ಕಬ್ಬಿಣದ ತಗಡಿನ ಮೇಲೆ ಇದರ ಒಂದು ದೊಡ್ಡ ಹನಿಯನ್ನಿಡಿರಿ. ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುಭಾಗ ನೀಲಿಯಾಗಿ, ಅಂಚು ಗುಲಾಬಿಯಾಗಿ ಕಾಣುವುದು. ನೀಲಿಯು ಕಬ್ಬಿಣ ಕರಗುತ್ತಿರುವುದರ ಗುರುತು. ಗುಲಾಬಿಯು ಕ್ಷಾರ ಹುಟ್ಟುತ್ತಿರುವುದರ ಗುರುತು. ನಡುವೆ ಆಮ್ಲಜನಕ ಬೇಗ ಮುಗಿದುಹೋಗುತ್ತದೆ. ಅಲ್ಲಿಯ ಕಬ್ಬಿಣದ ಪರಮಾಣುಗಳು ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗಿಳಿಯುತ್ತವೆ. ಆ ಇಲೆಕ್ಟ್ರಾನುಗಳು ತಗಡಿನೊಳಗೇ ಹರಿದು ಅಂಚನ್ನು ಸೇರಿ, ಅಲ್ಲಿ ಧಾರಾಳವಾಗಿರುವ ಆಮ್ಲಜನಕದೊಡನೆ ಕೂಡುತ್ತವೆ. ಒಂದು ಹನಿ ನೀರು ಹೀಗೆ ಪುಟ್ಟದೊಂದು ವಿದ್ಯುತ್ಕೋಶವೇ ಆಗಿಬಿಡುವುದು.

ಕಾರಿನಲ್ಲಿ ಇಂತಹ ಹನಿಗಳು ಎಲ್ಲೆಲ್ಲಿ ಅಡಗಿರುತ್ತವೆ? ಮಡ್‌ಗಾರ್ಡಿನ ಒಳಮೈಗೆ ಮೆತ್ತಿದ ಹಸಿಮಣ್ಣಿನಲ್ಲಿ, ಕಾಲಡಿಯ ಮ್ಯಾಟಿನ ಕೆಳಗೆ, ಬಾಗಿಲಿನ ತಳದ ಸಂದಿನಲ್ಲಿ, ಉಬ್ಬಿದ ಬಣ್ಣದ ಅಡಿಯಲ್ಲಿ. ಗಾಳಿಯಾಡದ ಈ ಎಡೆಗಳೆಲ್ಲವೂ ನಮ್ಮ ಪ್ರಯೋಗದ ನೀಲಿಯ ನಡುಭಾಗಗಳು. ಆದುದರಿಂದ ತುಕ್ಕಿನ ಮೇಲೆಯೇ ಹೊಸ ಬಣ್ಣ ಬಳಿಯುವುದು ರೋಗಕ್ಕೆ ಹೊದಿಕೆ ಹೊದಿಸಿದಂತೆ. ನಮ್ಮ ಕಾರಿನ ಮ್ಯಾಟನ್ನೆತ್ತಿ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಿವಿದಾಗ ನೆಲದ ತಗಡು ಹಪ್ಪಳದಂತೆ ಮುರಿಯಿತು. ಬಣ್ಣ ಮಾತ್ರ ಅಚ್ಚುಕಟ್ಟಾಗಿತ್ತು. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುವ ಕೆಲಸವನ್ನು ಬಲ್ಲವನಿಂದಲೇ ಮಾಡಿಸತಕ್ಕದ್ದು. ಉಳಿದೆಡೆ ಹೊಳೆಯುವ ಲೋಹ ಕಾಣುವ ತನಕ ಉಜ್ಜಿ, ಸತುವಿನ ಪುಡಿ ಹೇರಳವಾಗಿರುವ ಪ್ರೈಮರನ್ನು ಹಚ್ಚಬೇಕು. ಸತುವು ಕಬ್ಬಿಣಕ್ಕಿಂತ ಸುಲಭವಾಗಿ ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದರಿಂದ, ನೀರು ಬಿದ್ದಾಗ ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ.

ಬೋಲ್ಟು, ಕೀಲು ಮೊದಲಾದ ಸಣ್ಣ ಭಾಗಗಳಿಗೆ ಬೇರೊಂದು ಉಪಾಯವುಂಟು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾದ ದ್ರಾವಣವನ್ನು ತುಂಬಿ, ತುಕ್ಕುಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣಾಗ್ರಕ್ಕೂ, ಬೇಡವಾದ ಕಬ್ಬಿಣದ ತುಂಡನ್ನು ಧನಾಗ್ರಕ್ಕೂ ಜೋಡಿಸಿ ಮುಳುಗಿಸಬೇಕು, ಒಂದಕ್ಕೊಂದು ತಾಗಬಾರದು. ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲವಾಗಿ ಉದುರುವುದು. ಆಗ ಜಲಜನಕ ಹೊರಡುವುದರಿಂದ ಈ ಕೆಲಸವನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡತಕ್ಕದ್ದು. ಧನಾಗ್ರಕ್ಕೆ ಸ್ಟೇನ್‌ಲೆಸ್ ಸ್ಟೀಲನ್ನು ಎಂದಿಗೂ ಉಪಯೋಗಿಸಬಾರದು. ಅದರೊಳಗಿನ ಕ್ರೋಮಿಯಂ ವಿಷಕರವಾದ ಸಂಯುಕ್ತವಾಗಿ ನೀರಿಗೆ ಇಳಿಯುತ್ತದೆ.

ಪೆಟ್ರೋಲಿನ ಟ್ಯಾಂಕು ನಿಂತಲ್ಲಿಯೇ ಉಸಿರಾಡುತ್ತದೆಂದರೆ ಆಶ್ಚರ್ಯವಾಗಬಹುದು. ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ರಾತ್ರಿ ಕುಗ್ಗಿದಾಗ ಹೊರಗಿನ ತೇವದ ಗಾಳಿ ಒಳಕ್ಕೆ ಬರುತ್ತದೆ. ಆ ತೇವ ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ ತಳಕ್ಕಿಳಿಯುತ್ತದೆ. ಇತ್ತ ಪೆಟ್ರೋಲಿನ ಹಗುರವಾದ ಅಂಶಗಳು ಆವಿಯಾಗಿ, ಉಳಿದದ್ದು ಆಮ್ಲಜನಕದೊಡನೆ ಕೂಡಿ ಅಂಟಾಗುವುದು. ಕಾರ್ಬುರೇಟರಿನ ಕಿರುರಂಧ್ರಗಳನ್ನು ಮುಚ್ಚುವುದು ಈ ಅಂಟೇ. ೨೦೨೫ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ ೨೦ರ ಮಟ್ಟವನ್ನು ಮುಟ್ಟಿದೆ. ಎಥನಾಲ್ ನೀರನ್ನು ಹೀರುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುವುದೂ ಉಂಟು. ಆದುದರಿಂದ ಹಳೆಯ ಕಾರಿನಲ್ಲಿ ಟ್ಯಾಂಕನ್ನು ಬರಿದು ಮಾಡಿ ತೊಳೆಯುವುದರ ಜೊತೆಗೆ ಇಂಧನದ ಕೊಳವೆಗಳನ್ನೂ ಬದಲಾಯಿಸುವುದು ಲೇಸು.

ಎಂಜಿನ್ನಿನಲ್ಲಿ ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿರುವ ಸಂಭವವಿದೆ. ಅವಸರದಿಂದ ಸ್ಟಾರ್ಟರನ್ನು ಒತ್ತಿದರೆ ಗೋಡೆ ಗೀಚಿಹೋಗುವುದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಒಂದೊಂದು ಸಿಲಿಂಡರಿಗೂ ಸ್ವಲ್ಪ ತೆಳುವಾದ ಎಣ್ಣೆ ಬಿಟ್ಟು, ಎರಡು ದಿನ ಕಾದೆವು. ಬಳಿಕ ಕಾರನ್ನು ಟಾಪ್ ಗೇರಿನಲ್ಲಿಟ್ಟು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ತಳ್ಳಲು, ಎಂಜಿನ್ ತಿರುಗಿತು. ಎಂಜಿನ್ ಆಯಿಲನ್ನು ಬದಲಿಸಿ, ಹೊಸ ಬ್ಯಾಟರಿ ಹಾಕಿ, ಕಾಂಟ್ಯಾಕ್ಟ್ ಬ್ರೇಕರಿನ ಮುಖಗಳನ್ನು ಉಜ್ಜಿ ಸರಿಪಡಿಸಿದ ಮೇಲೆ ಅದು ಹೊತ್ತಿಕೊಂಡಿತು. ಮನೆಯವರೆಲ್ಲರಿಗೂ ಸಂತೋಷವಾಯಿತು. ನಾವು ತಪ್ಪಿದ್ದು ಅಲ್ಲಿಯೇ.

ಬ್ರೇಕಿನ ದ್ರವದ ಪಾತ್ರೆಯಲ್ಲಿ ಮಟ್ಟ ಇಳಿದಿದ್ದುದನ್ನು ಕಂಡು ಮೇಲಿನಿಂದ ಸ್ವಲ್ಪ ಹೊಸ ದ್ರವ ತುಂಬಿ ಸುಮ್ಮನಾಗಿದ್ದೆವು. ಕೆಲವು ವಾರ ಊರಿನೊಳಗೆ ಓಡಿಸಿದಾಗ ಬ್ರೇಕು ಚೆನ್ನಾಗಿಯೇ ಹಿಡಿಯಿತು. ಒಂದು ದಿನ ನಾಲ್ವರು ಕುಳಿತು ಆಗುಂಬೆ ಘಾಟಿಯನ್ನಿಳಿಯುತ್ತಿದ್ದೆವು. ಅರ್ಧಕ್ಕಿಂತ ಹೆಚ್ಚು ಇಳಿದ ಮೇಲೆ ತಿರುವೊಂದರ ಮುಂದೆ ಪೆಡಲನ್ನು ಒತ್ತಲು, ಅದು ತಡೆಯೇ ಇಲ್ಲದೆ ನೆಲಕ್ಕೆ ತಾಗಿತು. ಎರಡನೆಯ ಗೇರಿಗೆ ಇಳಿಸಿ, ತಂತಿಯಿಂದ ಎಳೆಯಲ್ಪಡುವ ಹ್ಯಾಂಡ್‌ಬ್ರೇಕನ್ನು ಹಿಡಿದು, ಬೆಟ್ಟದ ಬದಿಯ ಚರಂಡಿಗೆ ಚಕ್ರವನ್ನಿಳಿಸಿ ನಿಲ್ಲಿಸಿದೆವು. ಯಾರಿಗೂ ಪೆಟ್ಟಾಗಲಿಲ್ಲ. ಅರ್ಧ ಗಂಟೆಯ ಬಳಿಕ ಪೆಡಲನ್ನು ಒತ್ತಿ ನೋಡಿದರೆ ಅದು ಮೊದಲಿನಂತೆಯೇ ಗಟ್ಟಿಯಾಗಿತ್ತು!

ಏನಾಗಿತ್ತು? ಜನರೂ ಸೇರಿ ಕಾರಿನ ದ್ರವ್ಯರಾಶಿ ೧೨೦೦ ಕಿಲೋಗ್ರಾಂ, ಇಳಿದ ಎತ್ತರ ೫೦೦ ಮೀಟರ್ ಎಂದಿಟ್ಟುಕೊಳ್ಳೋಣ. ಬಿಡುಗಡೆಯಾಗುವ ಶಕ್ತಿ ಸುಮಾರು ೫೯ ಲಕ್ಷ ಜೂಲ್; ಅಂದರೆ ಸುಮಾರು ೧೯ ಲೀಟರ್ ನೀರನ್ನು ೨೫ ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರುವಷ್ಟು. ಟಾಪ್ ಗೇರಿನಲ್ಲಿಯೇ ಇಳಿದರೆ ಇದರ ಬಹುಭಾಗ ನಾಲ್ಕು ಬ್ರೇಕ್ ಡ್ರಮ್ಮುಗಳಲ್ಲಿ ಶಾಖವಾಗುತ್ತದೆ. ಪೆಡಲಿನ ಒತ್ತಡವನ್ನು ಪಾಸ್ಕಲನ ನಿಯಮದಂತೆ ಚಕ್ರಗಳಿಗೆ ಮುಟ್ಟಿಸುವ ದ್ರವಕ್ಕೂ ಆ ಶಾಖ ತಗಲುವುದು. ಸಾಮಾನ್ಯವಾಗಿ ಬಳಸುವ ಡಾಟ್ ೩ ದರ್ಜೆಯ ಹೊಸ ದ್ರವ ೨೦೫ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಕುದಿಯಬಾರದೆಂದು ನಿಯಮವಿದೆ. ಆದರೆ ಈ ದ್ರವವೂ ನೀರನ್ನು ಹೀರುವಂಥದು. ಶೇಕಡಾ ೩.೭ರಷ್ಟು ನೀರು ಸೇರಿದರೆ ಅದಕ್ಕೆ ವಿಧಿಸಿರುವ ಕನಿಷ್ಠ ಕುದಿಬಿಂದು ೧೪೦ ಡಿಗ್ರಿ ಮಾತ್ರ. ಏಳು ಮಳೆಗಾಲದ ತೇವವನ್ನು ಕುಡಿದಿದ್ದ ನಮ್ಮ ದ್ರವ ಕುದಿದು ಆವಿಯ ಗುಳ್ಳೆಗಳಾಗಿತ್ತು. ದ್ರವ ಒತ್ತಿದರೆ ಕುಗ್ಗದು; ಆವಿ ಕುಗ್ಗುತ್ತದೆ. ನಮ್ಮ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಹಿಂಡುವುದರಲ್ಲಿಯೇ ಮುಗಿಯಿತು. ತಣಿದಾಗ ಆವಿ ಮರಳಿ ದ್ರವವಾದುದರಿಂದ ಪೆಡಲು ಗಟ್ಟಿಯಾಯಿತು. ಆಮೇಲೆ ಬಸಿದು ನೋಡಿದಾಗ ಅದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಹಳೆಯ ಕಾರನ್ನು ಓಡುವಂತೆ ಮಾಡುವ ಮೊದಲು ನಿಲ್ಲುವಂತೆ ಮಾಡಬೇಕು. ದ್ರವವನ್ನು ಪೂರ್ತಿ ಬಸಿದು, ರಬ್ಬರ್ ಕಪ್ಪುಗಳನ್ನೂ ಮೆದು ಕೊಳವೆಗಳನ್ನೂ ಬದಲಿಸಿ, ಮುಂದೆ ಎರಡು ವರ್ಷಕ್ಕೊಮ್ಮೆ ಹೊಸ ದ್ರವ ತುಂಬತಕ್ಕದ್ದು.

ಇನ್ನೊಂದು ಮಾತು. ನಿಂತ ಕಾರು ಕೆಡುತ್ತದೆಂದು ತಿಳಿದ ಕೆಲವರು ದಿನವೂ ಎರಡು ನಿಮಿಷ ಎಂಜಿನ್ನನ್ನು ಓಡಿಸಿ ನಿಲ್ಲಿಸುವುದುಂಟು. ಇದು ಉಪಕಾರವಲ್ಲ. ಪೆಟ್ರೋಲಿನೊಳಗಿನ ಜಲಜನಕ ಉರಿದರೆ ನೀರೇ ಆಗುವುದು. ಒಂದು ಲೀಟರ್ ಪೆಟ್ರೋಲಿನಿಂದ ಹೆಚ್ಚುಕಡಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ನೂ ಸೈಲೆನ್ಸರೂ ಪೂರ್ತಿ ಬಿಸಿಯಾಗದಿದ್ದರೆ ಆ ನೀರಿನಲ್ಲೊಂದಂಶ ಒಳಗೇ ಹನಿಗಟ್ಟುವುದು. ಅದಕ್ಕಿಂತ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯ ಮೇಲೆ ಓಡಿಸುವುದು ಒಳ್ಳೆಯದು.

ಯಂತ್ರ ನಿಂತರೂ ಅದರೊಳಗಿನ ಅಣುಗಳು ನಿಲ್ಲುವುದಿಲ್ಲ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಟಾರ್ಪಾಲು ಹೊದ್ದು ನಿಂತ ಕಾರೊಂದಿದ್ದರೆ, ದೊಡ್ಡವರ ಅನುಮತಿ ಪಡೆದು, ಮೊದಲು ಅದರ ಮ್ಯಾಟನ್ನೆತ್ತಿ ನೆಲವನ್ನು ನೋಡಿರಿ; ಆಮೇಲೆ ಬ್ರೇಕಿನ ದ್ರವದ ಬಣ್ಣವನ್ನು ನೋಡಿರಿ. ಅದು ಎಷ್ಟು ಕಾಲ ನಿಂತಿತ್ತೆಂಬುದನ್ನು ಕಾರೇ ನಿಮಗೆ ತಿಳಿಸುವುದು.